ತಾರೀಖಿಲ್ಲದ ಕ್ರೀಡಾಕೂಟ: ದಕ್ಷಿಣ ಏಷ್ಯಾ ಒಲಿಂಪಿಕ್ ಮಂಡಳಿಗೆ ಬಹಿರಂಗ ಪತ್ರ

ಇವರಿಗೆ,
ದಕ್ಷಿಣ ಏಷ್ಯಾ ಒಲಿಂಪಿಕ್ ಮಂಡಳಿಯ ಅಧ್ಯಕ್ಷರು ಮತ್ತು ಸದಸ್ಯರು
ಹಾಗೂ ಭಾರತೀಯ ಒಲಿಂಪಿಕ್ ಸಂಸ್ಥೆಯ ಪದಾಧಿಕಾರಿಗಳು

ಮಾನ್ಯರೇ,

2019ರ ಡಿಸೆಂಬರ್ 10ರಂದು ಕಠ್ಮಂಡುವಿನಲ್ಲಿ 13ನೇ ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕೆ ತೆರೆ ಬಿತ್ತು. ಮುಂದಿನ ಕೂಟ ಪಾಕಿಸ್ತಾನದಲ್ಲಿ ಎಂದಾಯಿತು. ಆಮೇಲೆ ಕೊರೊನಾ ಬಂತು, ಹೋಯಿತು. ಟೋಕಿಯೊ ಒಲಿಂಪಿಕ್ಸ್ ಮುಗಿಯಿತು, ಪ್ಯಾರಿಸ್ ಒಲಿಂಪಿಕ್ಸ್ ಮುಗಿಯಿತು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ ಒಂದು ವರ್ಷ ತಡವಾದರೂ ನಡೆದೇ ನಡೆಯಿತು. ನಮ್ಮ 14ನೇ ಕೂಟಕ್ಕೆ ಮಾತ್ರ ತಾರೀಖುಗಳು ಬರುತ್ತವೆ, ಹೋಗುತ್ತವೆ. ಕಠ್ಮಂಡು ಕೂಟದ ಆಯ್ಕೆ ಸ್ವಲ್ಪದರಲ್ಲಿ ತಪ್ಪಿ, 'ಮುಂದಿನ ಸಲ ನೋಡೋಣ' ಎಂದು ಮನೆಗೆ ಮರಳಿದ ಇಪ್ಪತ್ತರ ಹುಡುಗ ಹುಡುಗಿಯರ ಓಟದ ವಯಸ್ಸು ಈ ನಡುವೆ ಬಹುಪಾಲು ಸವೆದುಹೋಗಿದೆ.

ಯಾವ ದೇಶ ಸರಿ, ಯಾವುದು ತಪ್ಪು ಎಂದು ವಾದಿಸಲು ಈ ಪತ್ರ ಬರೆಯುತ್ತಿಲ್ಲ. ಆ ಕೆಲಸಕ್ಕೆ ಬೇಕಾದಷ್ಟು ಜನ ಇದ್ದಾರೆ. ಗಡಿಯಲ್ಲಿ ರಕ್ತ ಹರಿದಾಗ ಆಟದ ಮಾತು ಆಡುವುದು ಎಷ್ಟು ಕಷ್ಟ ಎಂಬುದೂ ನನಗೆ ಗೊತ್ತು. ನನ್ನ ತಕರಾರು ಇರುವುದು ಒಂದೇ. ಈ ಕೂಟಕ್ಕೆ ತನ್ನದು ಅನ್ನುವ ತಾರೀಖು ಇಲ್ಲ. ಆತಿಥೇಯರಿಗೆ ಅನುಕೂಲವಾದಾಗ, ನೆರೆಯವರಿಗೆ ಮನಸ್ಸಾದಾಗ, ಕ್ರೀಡಾಂಗಣಕ್ಕೆ ಬಣ್ಣ ಬಳಿದು ಮುಗಿದಾಗ ನಡೆಯುವ ಕೂಟ ಇದು. ಇದನ್ನು ಬದಲಾಯಿಸುವ ಅಧಿಕಾರ ಯಾವ ಪ್ರಧಾನಮಂತ್ರಿಗಿಂತ ಹೆಚ್ಚಾಗಿ ನಿಮ್ಮ ಕೈಯಲ್ಲಿದೆ ಅನ್ನುವ ಕಾರಣಕ್ಕೆ ನಿಮಗೇ ಬರೆಯುತ್ತಿದ್ದೇನೆ.

ಪತ್ರ ಬಹಿರಂಗವಾದ್ದರಿಂದ, ನಿಮಗೆ ಗೊತ್ತಿರುವ ಸಂಗತಿಗಳನ್ನೂ ಓದುಗರಿಗಾಗಿ ಹೇಳಬೇಕಾಗುತ್ತದೆ. ಮೊದಲ ಕೂಟ ನಡೆದದ್ದು 1984ರ ಸೆಪ್ಟೆಂಬರ್‌ನಲ್ಲಿ, ಕಠ್ಮಂಡುವಿನಲ್ಲಿ. ದಕ್ಷಿಣ ಏಷ್ಯಾ ಸರ್ಕಾರಗಳ ಒಕ್ಕೂಟವಾದ ಸಾರ್ಕ್ ಸಂಘಟನೆ ಢಾಕಾದಲ್ಲಿ ವಿಧ್ಯುಕ್ತವಾಗಿ ಹುಟ್ಟಿದ್ದು 1985ರ ಡಿಸೆಂಬರ್‌ನಲ್ಲಿ. ಅಂದರೆ ರಾಜಕೀಯ ನಾಯಕರು ಒಂದೇ ಮೇಜಿನ ಸುತ್ತ ಕೂರುವ ಮೊದಲೇ ಓಟಗಾರರು ಒಂದೇ ಗೆರೆಯ ಮೇಲೆ ನಿಂತಿದ್ದರು. ಏಳು ದೇಶಗಳು, ಐದೇ ಕ್ರೀಡೆಗಳು: ಅಥ್ಲೆಟಿಕ್ಸ್, ಫುಟ್‌ಬಾಲ್, ಈಜು, ಬಾಕ್ಸಿಂಗ್, ವೇಟ್‌ಲಿಫ್ಟಿಂಗ್. ಫುಟ್‌ಬಾಲ್ ಚಿನ್ನ ಆತಿಥೇಯ ನೇಪಾಳದ್ದಾಯಿತು. ಮರುವರ್ಷ ಢಾಕಾದಲ್ಲಿ ಕಬಡ್ಡಿ ಸೇರಿತು. ಖೊ-ಖೊ ಸೇರಲು 2016ರ ಗುವಾಹಟಿಯವರೆಗೆ ಕಾಯಬೇಕಾಯಿತು. ಕೂಟದ ಮೊದಲ ಹೆಸರು ದಕ್ಷಿಣ ಏಷ್ಯಾ ಫೆಡರೇಷನ್ ಕ್ರೀಡಾಕೂಟ. ಸ್ಯಾಫ್ ಗೇಮ್ಸ್ ಎಂದರೆ ನನ್ನ ವಯಸ್ಸಿನವರಿಗೆ ಈಗಲೂ ಬೇಗ ಅರ್ಥವಾಗುತ್ತದೆ. 2004ರಲ್ಲಿ ಹೆಸರಿನ ಫೆಡರೇಷನ್ ಉದುರಿತು. ಅದೇ ವರ್ಷ ಅಫ್ಘಾನಿಸ್ತಾನ ಎಂಟನೆಯ ದೇಶವಾಗಿ ಬಂದು, 2016ರ ಕೂಟದ ನಂತರ ಮಧ್ಯ ಏಷ್ಯಾದ ಗುಂಪಿಗೆ ಹೋಯಿತು.

ಈಗ ಒಂದು ಲೆಕ್ಕ ನೋಡಿ. 1984, 85, 87, 89, 91, 93, 95. ಮೊದಲ ಹನ್ನೆರಡು ವರ್ಷಗಳಲ್ಲಿ ಏಳು ಕೂಟ. ಆಮೇಲೆ 1999, 2004, 2006, 2010, 2016, 2019. ನಂತರದ ಇಪ್ಪತ್ನಾಲ್ಕು ವರ್ಷಗಳಲ್ಲಿ ಆರು. ಹಣ ಹೆಚ್ಚಾಯಿತು, ಸಿಂಥೆಟಿಕ್ ಟ್ರ್ಯಾಕುಗಳು ಹೆಚ್ಚಾದವು, ವಿಮಾನಗಳು ಹೆಚ್ಚಾದವು. ಕೂಟ ಮಾತ್ರ ಅರ್ಧಕ್ಕಿಂತ ಕಡಿಮೆಯಾಯಿತು. ಟೆಲೆಕ್ಸ್ ಕಾಲದಲ್ಲಿ ಎರಡು ವರ್ಷಕ್ಕೊಮ್ಮೆ ಸೇರಲು ಆಗುತ್ತಿತ್ತು, ವಾಟ್ಸ್ಆ್ಯಪ್ ಕಾಲದಲ್ಲಿ ಆಗುತ್ತಿಲ್ಲ ಎಂದರೆ ಅಡ್ಡಿ ಇರುವುದು ಸೌಕರ್ಯದಲ್ಲಿ ಅಲ್ಲ.

ಅಡ್ಡಿ ಇರುವುದು ಕೂಟದ ರಚನೆಯಲ್ಲಿ. ಕಾಗದದ ಮೇಲೆ ಇದು ಸರ್ಕಾರಗಳ ಕೂಟವಲ್ಲ. ಆಯಾ ದೇಶದ ಒಲಿಂಪಿಕ್ ಸಂಸ್ಥೆಗಳು ಸೇರಿ ಮಾಡಿಕೊಂಡ ಮಂಡಳಿಯ ಕೂಟ. ಆದರೆ ಕ್ರೀಡಾಂಗಣ ಸರ್ಕಾರದ್ದು, ವೀಸಾ ಸರ್ಕಾರದ್ದು, ಭದ್ರತೆ ಸರ್ಕಾರದ್ದು, ತಂಡಕ್ಕೆ ಟಿಕೆಟ್ ತೆಗೆಸುವ ದುಡ್ಡೂ ಬಹುಪಾಲು ಸರ್ಕಾರದ್ದೇ. ಆತಿಥ್ಯ ಯಾರದೋ ಆ ದೇಶದ ಒಲಿಂಪಿಕ್ ಸಂಸ್ಥೆಯೇ ಮುಂದಾಳತ್ವ ವಹಿಸುತ್ತದೆ. ಹಾಗಾಗಿ ಆತಿಥೇಯರು ಎಡವಿದರೆ ಕೂಟವೇ ಮಲಗುತ್ತದೆ, ಎಬ್ಬಿಸಲು ಬೇರೆ ಯಾರೂ ಇರುವುದಿಲ್ಲ. 2001ರ ಅಕ್ಟೋಬರ್‌ನಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಿದ್ದ ಕೂಟ ಪಕ್ಕದ ಅಫ್ಘಾನಿಸ್ತಾನದಲ್ಲಿ ಯುದ್ಧ ಹೊತ್ತಿಕೊಂಡದ್ದರಿಂದ ನಿಂತು, ನಡೆದದ್ದು 2004ರಲ್ಲಿ. ಅದು ಪಾಕಿಸ್ತಾನದ ಸರದಿಯಲ್ಲಾದದ್ದು. ನಮ್ಮ ಸರದಿಯಲ್ಲಿ? 2012ಕ್ಕೆ ದೆಹಲಿಯಲ್ಲಿ ಎಂದುಕೊಂಡಿದ್ದ ಕೂಟ 2016ರಲ್ಲಿ ಗುವಾಹಟಿ ಮತ್ತು ಶಿಲ್ಲಾಂಗ್‌ನಲ್ಲಿ ನಡೆಯಿತು. ಈ ನಡುವೆ ಭಾರತೀಯ ಒಲಿಂಪಿಕ್ ಸಂಸ್ಥೆಯನ್ನೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2012ರ ಡಿಸೆಂಬರ್‌ನಿಂದ 2014ರ ಫೆಬ್ರವರಿಯವರೆಗೆ ಅಮಾನತಿನಲ್ಲಿಟ್ಟಿತ್ತು. ಅಂದಿನ ವಿಳಂಬಕ್ಕೆ ಗಡಿಯಾಚೆಯ ಯಾರನ್ನೂ ದೂರುವಂತಿಲ್ಲ.

ಸಂಬಂಧ ಕೆಟ್ಟಾಗ ಕೂಟ ನಡೆಯುವುದೇ ಇಲ್ಲ ಎಂಬ ಮಾತೂ ಇತಿಹಾಸಕ್ಕೆ ಒಪ್ಪುವುದಿಲ್ಲ. ಕಾರ್ಗಿಲ್ ಯುದ್ಧ ಮುಗಿದದ್ದು 1999ರ ಜುಲೈನಲ್ಲಿ. ಸೆಪ್ಟೆಂಬರ್ ಕೊನೆಯಲ್ಲಿ ಕಠ್ಮಂಡುವಿನಲ್ಲಿ ಎಂಟನೇ ಕೂಟ ಶುರುವಾದಾಗ ಎರಡೂ ದೇಶಗಳ ತಂಡಗಳು ಅಲ್ಲಿದ್ದವು. 2016ರ ಜನವರಿಯಲ್ಲಿ ಪಠಾಣ್‌ಕೋಟ್ ದಾಳಿ ಆಯಿತು. ಫೆಬ್ರವರಿಯಲ್ಲಿ ಗುವಾಹಟಿಗೆ ಪಾಕಿಸ್ತಾನದ ತಂಡ ಬಂತು. ಅದೇ ವರ್ಷ ಇಸ್ಲಾಮಾಬಾದಿನ ಸಾರ್ಕ್ ಶೃಂಗಸಭೆ ರದ್ದಾಯಿತು, ಸಾರ್ಕ್ ನಾಯಕರು 2014ರ ಕಠ್ಮಂಡುವಿನ ನಂತರ ಮತ್ತೆ ಶೃಂಗಸಭೆಗೆ ಕೂತೇ ಇಲ್ಲ. ಆದರೂ 2019ರಲ್ಲಿ ಏಳೂ ದೇಶಗಳ ಕ್ರೀಡಾಪಟುಗಳು ಸೇರಿದರು. ಗಮನಿಸಿ, ಈ ಮೂರರಲ್ಲಿ ಎರಡು ಸಲ ಕೂಟ ನಡೆದದ್ದು ನೇಪಾಳದಲ್ಲಿ. ದೊಡ್ಡವರು ಜಗಳವಾಡುವಾಗ ಚಿಕ್ಕವರ ಮನೆಯೇ ಎಲ್ಲರಿಗೂ ಹೋಗಲು ಸುಲಭ. ಅದೇ ತರ್ಕವನ್ನು ನಾವು ನಿಯಮವಾಗಿ ಮಾಡಿಕೊಂಡಿಲ್ಲ, ಅಷ್ಟೆ.

ನಮ್ಮ ಊರುಗಳಲ್ಲಿ ಎರಡು ಮನೆತನ ಮಾತು ಬಿಟ್ಟರೆ ತೇರಿನ ದಿನ ಮುಂದಕ್ಕೆ ಹೋಗುವುದಿಲ್ಲ. ಪಂಚಾಂಗ ಹೇಳಿದ ದಿನ ತೇರು ಎಳೆಯಲೇಬೇಕು. ಬರದವನು ಬರಲಿಲ್ಲ, ಮುಂದಿನ ವರ್ಷ ಬರುತ್ತಾನೆ. ಆಗ್ನೇಯ ಏಷ್ಯಾದವರು ತಮ್ಮ ಕೂಟವನ್ನು ಹೆಚ್ಚುಕಡಿಮೆ ಹೀಗೆಯೇ ನಡೆಸುತ್ತಾರೆ. 1959ರಲ್ಲಿ ಬ್ಯಾಂಕಾಕಿನಲ್ಲಿ ಶುರುವಾದ ಆ ಕೂಟದ ಒಂದು ಆವೃತ್ತಿ, 1963ರ ಕಾಂಬೋಡಿಯಾದ್ದು, ರದ್ದಾಗಿತ್ತು. 1965ರ ನಂತರ ಬೆಸ ಸಂಖ್ಯೆಯ ವರ್ಷ ಬಂತೆಂದರೆ ಕೂಟ. 2021ರ ಹನೋಯ್ ಕೂಟ ಕೊರೊನಾದಿಂದ 2022ರ ಮೇ ತಿಂಗಳಿಗೆ ಹೋದದ್ದೇ ದೊಡ್ಡ ಅಪವಾದ. ಹಾಗೆಂದು ಅಲ್ಲಿನ ನೆರೆಹೊರೆಯೇನು ತಣ್ಣಗಿಲ್ಲ. 2025ರ ಡಿಸೆಂಬರ್‌ನಲ್ಲಿ ಥಾಯ್ಲೆಂಡಿನ ಕೂಟದ ಹೊತ್ತಿಗೇ ಗಡಿ ಘರ್ಷಣೆ ಭುಗಿಲೆದ್ದು ಕಾಂಬೋಡಿಯಾ ತನ್ನ ತಂಡವನ್ನು ವಾಪಸ್ ಕರೆಸಿಕೊಂಡಿತು. ಅದಕ್ಕೂ ಮೊದಲು ದಕ್ಷಿಣದ ಸೊಂಗ್‌ಖ್ಲಾದಲ್ಲಿ ಪ್ರವಾಹ ಬಂದು ಅಲ್ಲಿನ ಸ್ಪರ್ಧೆಗಳನ್ನು ಬ್ಯಾಂಕಾಕಿಗೆ ಸಾಗಿಸಬೇಕಾಗಿ ಬಂದಿತ್ತು. ಕೂಟ ನಿಲ್ಲಲಿಲ್ಲ. ಅದು 33ನೇ ಆವೃತ್ತಿ. ಅಲ್ಲಿಗಿಂತ ಇಪ್ಪತ್ತೈದು ವರ್ಷ ತಡವಾಗಿ ಶುರು ಮಾಡಿದ ನಾವು ಇನ್ನೂ 13ರಲ್ಲಿದ್ದೇವೆ.

ಅವರದ್ದೆಲ್ಲ ಅನುಕರಿಸುವಂಥದ್ದು ಎಂದೇನೂ ನಾನು ಹೇಳುವುದಿಲ್ಲ. ಆತಿಥೇಯರು ತಮಗೆ ಬೇಕಾದ ಆಟಗಳನ್ನು ತುರುಕಿ ಪದಕ ಬಾಚಿಕೊಳ್ಳುವುದು ಅಲ್ಲಿಯ ಹಳೆಯ ಚಾಳಿ. 2019ರಲ್ಲಿ ಫಿಲಿಪ್ಪೀನ್ಸ್ 56 ಕ್ರೀಡೆ, 530 ಸ್ಪರ್ಧೆ ಇಟ್ಟು 149 ಚಿನ್ನ ಗೆದ್ದುಕೊಂಡಿತು. ನಮ್ಮಲ್ಲೂ ಮನೆಯಂಗಳದ ಲಾಭ ಇಲ್ಲವೆಂದಲ್ಲ: 2016ರಲ್ಲಿ ಮೂರು ಚಿನ್ನ ಗೆದ್ದಿದ್ದ ನೇಪಾಳ 2019ರಲ್ಲಿ ತನ್ನ ನೆಲದಲ್ಲಿ 51 ಗೆದ್ದಿತು. ನನಗೆ ಅದರ ಬಗ್ಗೆ ಹೊಟ್ಟೆಉರಿ ಇಲ್ಲ. ಕೂಟ ಸರದಿಯಂತೆ ತಿರುಗಿದರೆ ಆ ಲಾಭವೂ ತಿರುಗುತ್ತದೆ. ಒಂದೇ ಕಡೆ ಸಿಕ್ಕಿಕೊಂಡರೆ ತಾನೆ ಅನ್ಯಾಯ.

ಕೂಟ ನಡೆಯದಿದ್ದರೆ ನಷ್ಟ ಯಾರಿಗೆ ಎಂದು ಕೇಳುವವರಿಗೆ ನಾನು ಜಾವೆಲಿನ್ ತೋರಿಸುತ್ತೇನೆ. 2016ರ ಗುವಾಹಟಿ ಕೂಟದಲ್ಲಿ ಹದಿನೆಂಟರ ನೀರಜ್ ಚೋಪ್ರಾ 82.23 ಮೀಟರ್ ಎಸೆದು ಆಗಿನ ರಾಷ್ಟ್ರೀಯ ದಾಖಲೆಯನ್ನು ಸರಿಗಟ್ಟಿ ಚಿನ್ನ ಗೆದ್ದರು. ಅದೇ ವೇದಿಕೆಯಲ್ಲಿ ಕಂಚು ಪಡೆದವರು ಹತ್ತೊಂಬತ್ತರ ಅರ್ಷದ್ ನದೀಮ್. ಆ ದಿನ ಇಬ್ಬರ ಹೆಸರೂ ಹೆಚ್ಚಿನವರಿಗೆ ಗೊತ್ತಿರಲಿಲ್ಲ. 2019ರಲ್ಲಿ ಕಠ್ಮಂಡುವಿನಲ್ಲಿ ಅರ್ಷದ್ 86.29 ಮೀಟರ್ ಎಸೆದರು. ಟೋಕಿಯೊ ಒಲಿಂಪಿಕ್ಸ್ ಪ್ರವೇಶಕ್ಕೆ ಬೇಕಿದ್ದುದು 85 ಮೀಟರ್. ಅಂದರೆ ಪಾಕಿಸ್ತಾನದ ಒಬ್ಬ ಅಥ್ಲೀಟ್ ಯಾರ ಕೃಪೆಯೂ ಇಲ್ಲದೆ ನೇರ ಅರ್ಹತೆ ಪಡೆದದ್ದು ಯುರೋಪಿನ ಯಾವುದೋ ಡೈಮಂಡ್ ಲೀಗಿನಲ್ಲಿ ಅಲ್ಲ, ಈ ಕೂಟದಲ್ಲಿ. ಟೋಕಿಯೊದಲ್ಲಿ ನೀರಜ್‌ಗೆ ಚಿನ್ನ, ಅರ್ಷದ್‌ಗೆ ಐದನೇ ಸ್ಥಾನ. ಪ್ಯಾರಿಸ್‌ನಲ್ಲಿ ಅರ್ಷದ್ 92.97 ಮೀಟರ್ ಎಸೆದು ಚಿನ್ನ, ನೀರಜ್ 89.45 ಎಸೆದು ಬೆಳ್ಳಿ. ಒಲಿಂಪಿಕ್ ಜಾವೆಲಿನ್‌ನ ಮೊದಲ ಎರಡು ಸ್ಥಾನಗಳನ್ನು ದಕ್ಷಿಣ ಏಷ್ಯಾ ಹಂಚಿಕೊಳ್ಳುತ್ತದೆ ಎಂದು 1984ರಲ್ಲಿ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಈ ಇಬ್ಬರನ್ನು ಈ ಕೂಟವೇ ತಯಾರು ಮಾಡಿತು ಎಂದು ನಾನು ಉತ್ಪ್ರೇಕ್ಷೆ ಮಾಡಲಾರೆ. ಹರೆಯದಲ್ಲಿ ಇಬ್ಬರಿಗೂ ತಕ್ಕ ಎದುರಾಳಿಯನ್ನೂ ತುಂಬಿದ ಕ್ರೀಡಾಂಗಣವನ್ನೂ ಕೊಟ್ಟಿತು ಎಂಬುದನ್ನಂತೂ ಯಾರೂ ಅಲ್ಲಗಳೆಯಲಾರರು.

ನೀರಜ್, ಅರ್ಷದ್ ಕತೆ ಎಲ್ಲರಿಗೂ ಗೊತ್ತಿದೆ. ನನಗೆ ಹೆಚ್ಚು ಕಾಡುವುದು ಉಳಿದವರದ್ದು. ಬಾಂಗ್ಲಾದೇಶ, ಭೂತಾನ್, ಮಾಲ್ಡೀವ್ಸ್ ಈ ಮೂರು ದೇಶಗಳಿಗೆ ಇದುವರೆಗೆ ಒಂದೂ ಒಲಿಂಪಿಕ್ ಪದಕ ಬಂದಿಲ್ಲ. ಅಲ್ಲಿನ ಅಥ್ಲೀಟ್‌ಗಳಿಗೆ ತಮ್ಮ ರಾಷ್ಟ್ರಗೀತೆ ಕೇಳಿಸುವ ವೇದಿಕೆ ಎಂದರೆ ಬಹುಮಟ್ಟಿಗೆ ಇದೊಂದೇ. ಗುವಾಹಟಿಯಲ್ಲಿ ಬಾಂಗ್ಲಾದ ವೇಟ್‌ಲಿಫ್ಟರ್ ಮಾಬಿಯಾ ಅಕ್ತರ್ ಚಿನ್ನ ಗೆದ್ದು, ರಾಷ್ಟ್ರಗೀತೆ ನುಡಿಯುವಾಗ ಸೆಲ್ಯೂಟ್ ಹೊಡೆದು ಅತ್ತ ದೃಶ್ಯ ಅವರ ದೇಶದಲ್ಲಿ ಮನೆಮನೆ ಮುಟ್ಟಿತು. 2010ರ ಢಾಕಾದಲ್ಲಿ ಕರಾಚಿಯ ನಸೀಮ್ ಹಮೀದ್ 100 ಮೀಟರ್ ಗೆದ್ದು ಈ ಭಾಗದ ಅತಿ ವೇಗದ ಮಹಿಳೆ ಎನಿಸಿಕೊಂಡರು. 2019ರಲ್ಲಿ ಪುರುಷರ 100 ಮೀಟರ್ ಗೆದ್ದದ್ದು ಭಾರತವಲ್ಲ, ಶ್ರೀಲಂಕಾವೂ ಅಲ್ಲ. ಮಾಲ್ಡೀವ್ಸ್‌ನ ಹಸನ್ ಸಯೀದ್. ಆ ಕೂಟದಲ್ಲಿ ಆ ದ್ವೀಪ ದೇಶಕ್ಕೆ ಬಂದ ಒಂದೇ ಚಿನ್ನ ಅದು. ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ 'ಭಾರತಕ್ಕೆ ಮತ್ತೆ 20 ಚಿನ್ನ' ಎಂಬ ತಲೆಬರಹದ ಕೆಳಗೆ ಈ ಸುದ್ದಿಗೆ ಒಂದು ಸಾಲು ಸಿಕ್ಕಿದ್ದರೆ ಹೆಚ್ಚು.

ಇಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯವರೊಂದಿಗೆ ನೇರ ಮಾತು. ಪ್ರತಿ ಕೂಟದಲ್ಲೂ ಪದಕಪಟ್ಟಿಯ ತುದಿಯಲ್ಲಿ ನಾವೇ. 2016ರಲ್ಲಿ 188 ಚಿನ್ನ, 2019ರಲ್ಲಿ 174. ಇದರಲ್ಲಿ ಬೀಗುವುದಕ್ಕೇನೂ ಇಲ್ಲ. ಜನಸಂಖ್ಯೆ, ಹಣ ಎರಡರಲ್ಲೂ ಉಳಿದೆಲ್ಲರನ್ನು ಸೇರಿಸಿದರೂ ನಾವೇ ಹೆಚ್ಚು. ಹಾಗಾಗಿಯೇ ಕೂಟ ನಡೆಯದಿದ್ದರೆ ನಮಗೆ ಬಿಸಿ ತಟ್ಟುವುದಿಲ್ಲ. ನಮ್ಮ ಮೊದಲ ಸಾಲಿನವರಿಗೆ ಏಷ್ಯನ್ ಕೂಟ ಇದೆ, ಕಾಮನ್‌ವೆಲ್ತ್ ಇದೆ, ವಿಶ್ವ ಚಾಂಪಿಯನ್‌ಷಿಪ್ ಇದೆ. ನಷ್ಟವಾಗುವುದು ಎರಡನೇ ಸಾಲಿನವರಿಗೆ. ರಾಷ್ಟ್ರೀಯ ಕೂಟದಲ್ಲಿ ಮೂರನೆಯವರಾಗಿ ಬಂದು ದೇಶದ ಜೆರ್ಸಿ ಒಮ್ಮೆಯೂ ತೊಡದೆ ರೈಲ್ವೆ ನೌಕರಿಯಲ್ಲಿ ನಿವೃತ್ತರಾಗುವವರಿಗೆ. ಅವರಿಗಾಗಿ ಈ ಕೂಟವನ್ನು ಮೀಸಲಿಡಿ, ಇಪ್ಪತ್ಮೂರರೊಳಗಿನವರನ್ನೇ ಕಳಿಸಿ. ಆದರೆ ತಂಡವನ್ನೇ ಕಳಿಸದೆ ಇರಬೇಡಿ. 2019ರಲ್ಲಿ ಪುರುಷರ ಫುಟ್‌ಬಾಲ್‌ಗೆ ನಾವು ಹೋಗಲೇ ಇಲ್ಲ. ಆರ್ಚರಿಯಲ್ಲಿ ನಮ್ಮ ಫೆಡರೇಷನ್ನಿನ ಒಳಜಗಳಕ್ಕೆ ಅಂತರರಾಷ್ಟ್ರೀಯ ಸಂಸ್ಥೆ ಅಮಾನತು ವಿಧಿಸಿದ್ದರಿಂದ ನಮ್ಮವರು ಬಿಲ್ಲು ಹಿಡಿಯುವಂತೆಯೇ ಇರಲಿಲ್ಲ. ಹತ್ತಕ್ಕೆ ಹತ್ತೂ ಚಿನ್ನ ಬಾಂಗ್ಲಾದೇಶ ಕೊಂಡೊಯ್ದಿತು. ಭಾರತ ಇಲ್ಲದ್ದರಿಂದ ಗೆದ್ದರು ಎಂದು ಯಾರಾದರೂ ಮೂಗು ಮುರಿದರೆ, ಅದೇ ವರ್ಷ ಅವರ ರುಮಾನ್ ಸಾನಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದು ಒಲಿಂಪಿಕ್ಸ್ ಅರ್ಹತೆ ಪಡೆದದ್ದನ್ನು ನೆನಪಿಸಿ.

ಕ್ರಿಕೆಟ್ ನೆರಳಿನ ಬಗ್ಗೆಯೂ ಒಂದು ಮಾತು. 2004ರಲ್ಲಿ ಪಾಕಿಸ್ತಾನದ ಮುಲ್ತಾನ್ ಟೆಸ್ಟ್‌ನಲ್ಲಿ ಸಚಿನ್ 194ರಲ್ಲಿದ್ದಾಗ ದ್ರಾವಿಡ್ ಡಿಕ್ಲೇರ್ ಮಾಡಿದ್ದು ಸರಿಯೋ ತಪ್ಪೋ ಎಂದು ಕನ್ನಡಿಗರು ಇವತ್ತಿಗೂ ವಾದಿಸುತ್ತಾರೆ. ಅದೇ ದಿನಗಳಲ್ಲಿ, ಅದೇ ದೇಶದ ಇಸ್ಲಾಮಾಬಾದಿನಲ್ಲಿ, ಮೂರು ವರ್ಷ ಕಾದ ಒಂಬತ್ತನೇ ಸ್ಯಾಫ್ ಕೂಟ ನಡೆಯುತ್ತಿತ್ತು. ಅದರಲ್ಲಿ ಓಡಿದ ಒಬ್ಬರ ಹೆಸರು ಹೇಳಿ ಎಂದರೆ ಆ ವಾದಿಗಳು ಸುಮ್ಮನಾಗುತ್ತಾರೆ. ಆದರೂ ಕ್ರಿಕೆಟ್‌ನವರಿಂದ ಕಲಿಯುವುದು ಒಂದಿದೆ. 2025ರ ಚಾಂಪಿಯನ್ಸ್ ಟ್ರೋಫಿಗೆ ಪಾಕಿಸ್ತಾನ ಆತಿಥೇಯ. ಭಾರತದ ಪಂದ್ಯಗಳೆಲ್ಲ ದುಬೈಯಲ್ಲಿ. ದುಡ್ಡು ದೊಡ್ಡದಾದಾಗ ದಾರಿ ತಾನಾಗಿ ಸಿಗುತ್ತದೆ! ದುಡ್ಡಿಲ್ಲದ ಆಟಗಳಿಗೆ ಅದೇ ದಾರಿಯನ್ನು ನೀವು ಹುಡುಕಿಕೊಡಬೇಕು.

ಅದಕ್ಕೇ ನನ್ನ ಕೋರಿಕೆ ಹೀಗಿದೆ. ಮೊದಲು ತಾರೀಖನ್ನು ಆತಿಥೇಯರಿಂದ ಬಿಡಿಸಿ. ಎರಡು ವರ್ಷಕ್ಕೋ ನಾಲ್ಕು ವರ್ಷಕ್ಕೋ, ಏಷ್ಯನ್ ಕೂಟ ಮತ್ತು ಒಲಿಂಪಿಕ್ಸ್ ಇಲ್ಲದ ವರ್ಷದ ಇಂಥ ತಿಂಗಳಲ್ಲಿ ಕೂಟ ಎಂದು ಮಂಡಳಿಯೇ ಬರೆದಿಡಲಿ. ಆತಿಥೇಯರನ್ನು ಆರಿಸುವ ಸಭೆಯಲ್ಲೇ ಬದಲಿ ಆತಿಥೇಯರನ್ನೂ ಹೆಸರಿಸಿ. ಇಂತಿಷ್ಟು ತಿಂಗಳು ಮೊದಲು ಸಿದ್ಧತೆ ಮುಗಿಯದಿದ್ದರೆ ಅಥವಾ ಒಂದಕ್ಕಿಂತ ಹೆಚ್ಚು ದೇಶ ಬರಲಾರೆ ಎಂದರೆ ಕೂಟ ತಾನಾಗಿ ಅಲ್ಲಿಗೆ ಹೋಗಲಿ. ಇದರಲ್ಲಿ ಯಾರ ಮಾನವೂ ಹೋಗುವುದಿಲ್ಲ, ಸರದಿ ಮುಂದಕ್ಕೆ ಹೋಗುತ್ತದೆ ಅಷ್ಟೆ.

ಅದೂ ಆಗದಿದ್ದರೆ ಕೂಟವನ್ನು ಹಂಚಿ. ಭೂತಾನ್ ಮತ್ತು ಮಾಲ್ಡೀವ್ಸ್ ಮೊದಲ ಕೂಟದಿಂದ ನಿಮ್ಮ ಜೊತೆಗಿವೆ; ಇವತ್ತಿನವರೆಗೂ ಅವುಗಳಿಗೆ ಆತಿಥ್ಯ ಸಿಕ್ಕಿಲ್ಲ. ಇಪ್ಪತ್ತಾರು ಕ್ರೀಡೆಗಳ ಪೂರ್ಣ ಕೂಟ ಅವರಿಗೆ ಭಾರವೇ. ಆದರೆ ಬಿಲ್ಲುಗಾರಿಕೆ ರಾಷ್ಟ್ರೀಯ ಕ್ರೀಡೆಯಾಗಿರುವ ಭೂತಾನಿನ ಥಿಂಫುವಿನಲ್ಲಿ ಆರ್ಚರಿ ಇಡಲು ಏನು ಅಡ್ಡಿ? ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಫುಟ್‌ಬಾಲ್ ಇಡಬಹುದು. ದಕ್ಷಿಣ ಏಷ್ಯಾ ಫುಟ್‌ಬಾಲ್ ಫೆಡರೇಷನ್ನಿನ 2021ರ ಚಾಂಪಿಯನ್‌ಷಿಪ್ ಅಲ್ಲೇ ನಡೆದು ಭಾರತ ಗೆದ್ದಿತ್ತು. ಅದರ ಮುಂದಿನ ಟೂರ್ನಿ 2023ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ನಡೆದಾಗ ಪಾಕಿಸ್ತಾನವೂ ಆಡಿತು. ವೀಸಾ ತಡವಾಗಿ ಅವರ ತಂಡ ಪಂದ್ಯದ ದಿನವೇ ಬಂದಿಳಿದು, ಸಂಜೆ ಭಾರತದ ಎದುರು 4-0ರಿಂದ ಸೋತಿತು. ಹಾಗೆ ಗೆದ್ದದ್ದರಲ್ಲಿ ನಮಗೆ ಪೂರ್ತಿ ಖುಷಿ ಸಿಗುವುದಿಲ್ಲ, ನಿಜ. ಆದರೂ ಫುಟ್‌ಬಾಲ್‌ನವರು ಇದೇ ಏಳು ದೇಶಗಳನ್ನು ಕಟ್ಟಿಕೊಂಡೇ ಟೂರ್ನಿಗಳನ್ನು ನಡೆಸುತ್ತಿದ್ದಾರೆ. ಅಥ್ಲೆಟಿಕ್ಸ್‌ನವರೂ 2008ರ ನಂತರ ನಿಂತುಹೋಗಿದ್ದ ದಕ್ಷಿಣ ಏಷ್ಯಾ ಸೀನಿಯರ್ ಚಾಂಪಿಯನ್‌ಷಿಪ್ಪನ್ನು 2025ರಲ್ಲಿ ರಾಂಚಿಯಲ್ಲಿ ಮತ್ತೆ ನಡೆಸಿದರು. ಪಾಕಿಸ್ತಾನ ಬರಲಿಲ್ಲ. ಬಂದ ಆರು ದೇಶಗಳು ಓಡಿದವು.

ಹಂಚಿದರೆ ಕ್ರೀಡಾಗ್ರಾಮ ಇರುವುದಿಲ್ಲ, ಎಲ್ಲರೂ ಒಂದೇ ಊಟದ ಸಾಲಿನಲ್ಲಿ ನಿಲ್ಲುವುದು ತಪ್ಪಿಹೋಗುತ್ತದೆ, ಆಮೇಲೆ ಇದನ್ನು ಕೂಟ ಎನ್ನುವುದೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಆ ಆಕ್ಷೇಪಣೆಯಲ್ಲಿ ಹುರುಳಿದೆ. ನಾನೂ ಪೂರ್ಣ ಕೂಟವನ್ನೇ ಬಯಸುವವನು. ಆದರೆ ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಪೆಸಿಫಿಕ್ ಸಾಗರದ ತಾಹಿತಿಯಲ್ಲಿ ನಡೆಯಿತು, ಅದರಿಂದ ಅದು ಒಲಿಂಪಿಕ್ಸ್ ಅಲ್ಲ ಎನಿಸಿಕೊಳ್ಳಲಿಲ್ಲ. ಮೂರು ಕಡೆ ಹರಡಿದ ಕೂಟವೋ, ಯಾವ ಕಡೆಯೂ ಇಲ್ಲದ ಕೂಟವೋ ಎಂದು ಕೇಳಿದರೆ ಅಭ್ಯಾಸದ ಮೈದಾನದಲ್ಲಿರುವ ಯಾರೂ ಉತ್ತರಕ್ಕೆ ಯೋಚಿಸುವುದಿಲ್ಲ.

ಭಾರತ ಸರ್ಕಾರದ ಕ್ರೀಡಾ ಸಚಿವಾಲಯ 2025ರ ಆಗಸ್ಟ್‌ನಲ್ಲಿ ತನ್ನ ನಿಲುವನ್ನು ಸ್ಪಷ್ಟಪಡಿಸಿದೆ: ಪಾಕಿಸ್ತಾನದೊಂದಿಗೆ ದ್ವಿಪಕ್ಷೀಯ ಕ್ರೀಡೆ ಇಲ್ಲ, ಬಹುರಾಷ್ಟ್ರ ಕೂಟಗಳಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳ ಪದ್ಧತಿ ಮತ್ತು ನಮ್ಮ ಕ್ರೀಡಾಪಟುಗಳ ಹಿತ ನೋಡಿ ನಿರ್ಧಾರ. ಏಳು ದೇಶಗಳ ಈ ಕೂಟ ಎರಡನೇ ಬಗೆಯದ್ದು ಎಂದು ನಾನು ಓದಿಕೊಂಡಿದ್ದೇನೆ. ಪಾಕಿಸ್ತಾನದ ನೆಲದಲ್ಲಿ ನಡೆದರೆ ನಮ್ಮವರು ಹೋಗುತ್ತಾರೋ ಇಲ್ಲವೋ ಎಂಬುದನ್ನು ಭಾರತೀಯ ಒಲಿಂಪಿಕ್ ಸಂಸ್ಥೆ ಈಗಲೇ ಸರ್ಕಾರದಿಂದ ಲಿಖಿತವಾಗಿ ಕೇಳಿ ತಿಳಿದುಕೊಳ್ಳಲಿ. 'ಹೋಗುವುದಿಲ್ಲ' ಎಂಬ ಉತ್ತರ ಬಂದರೂ ಚಿಂತೆಯಿಲ್ಲ, ಅದನ್ನು ಆರು ದೇಶಗಳಿಗೆ ಒಂದು ವರ್ಷ ಮೊದಲೇ ತಿಳಿಸಿದರೆ ಅವರು ತಮ್ಮ ದಾರಿ ನೋಡಿಕೊಳ್ಳುತ್ತಾರೆ. ಕೊನೆಯ ವಾರದವರೆಗೆ ಎಲ್ಲರನ್ನೂ ತೂಗಾಡಿಸುವುದು ದೊಡ್ಡ ದೇಶಕ್ಕೆ ಶೋಭೆಯಲ್ಲ. ಇದೇ ಮಾತು ಆತಿಥೇಯ ಪಾಕಿಸ್ತಾನಕ್ಕೂ ಅನ್ವಯ: ಕ್ರೀಡಾಂಗಣ ಸಿದ್ಧವೋ ಇಲ್ಲವೋ, ಎಲ್ಲ ತಂಡಗಳಿಗೂ ವೀಸಾ ಕೊಡುತ್ತೀರೋ ಇಲ್ಲವೋ, ಒಂದು ಗಡುವಿನೊಳಗೆ ಬರೆದು ತಿಳಿಸಲಿ.

ಒಬ್ಬ ಓಟಗಾರನನ್ನು ಒಂದು ನಿರ್ದಿಷ್ಟ ದಿನಕ್ಕೆ ಪೂರ್ಣ ಲಯಕ್ಕೆ ತರಲು ಕೋಚ್‌ಗೆ ತಿಂಗಳುಗಟ್ಟಲೆ ಬೇಕು. ಮೊದಲು ಬುನಾದಿಯ ಓಟ, ಆಮೇಲೆ ವೇಗ, ಕೊನೆಗೆ ವಿಶ್ರಾಂತಿ, ಇದೆಲ್ಲವನ್ನೂ ಕೂಟದ ದಿನದಿಂದ ಹಿಂದಕ್ಕೆ ಎಣಿಸಿಯೇ ಹೊಂದಿಸುವುದು. ಎಣಿಕೆ ಶುರು ಮಾಡಲು ದಿನವೇ ಇಲ್ಲದಿದ್ದರೆ ಅವರು ಎಲ್ಲಿಂದ ಎಣಿಸಬೇಕು? ನಿಮ್ಮ ಮುಂದಿನ ಸಭೆಯ ಮೊದಲ ನಿರ್ಣಯವಾಗಿ ಕೂಟದ ತಿಂಗಳು, ವರ್ಷ, ಬದಲಿ ಆತಿಥೇಯರ ಹೆಸರು ಈ ಮೂರನ್ನು ದಾಖಲಿಸಿ ಏಳೂ ದೇಶಗಳಲ್ಲಿ ಪ್ರಕಟಿಸಿ. ಯಾವ ಊರು, ಯಾವ ಕ್ರೀಡಾಂಗಣ ಎಂಬುದನ್ನು ಆಮೇಲೆ ಹೇಳಿದರೂ ಕೋಚ್‌ಗಳು ಹೊಂದಿಸಿಕೊಳ್ಳುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಅಥ್ಲೆಟಿಕ್ಸ್ ನೋಡುತ್ತ ಬಂದ ಒಬ್ಬ ಕನ್ನಡಿಗ